ಮೀನು ಮುಟ್ಟದ ಮಾವನವರ ಮೀನಿನ ಕಾಯಿದೆ

ನಮ್ಮ ಮಾವನವರು ಜೀವಮಾನದಲ್ಲಿ ಒಂದೇ ಒಂದು ಮೀನನ್ನು ಮುಟ್ಟಿದವರಲ್ಲ. ಸಂತೆಯಲ್ಲಿ ಮೀನಿನ ವಾಸನೆ ಬಂದರೆ ಆ ಸಾಲನ್ನೇ ಬಿಟ್ಟು ಊರು ಸುತ್ತಿಕೊಂಡು ಬರುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅಂಥವರು, ಕೃಷ್ಣೆಯಲ್ಲಿ ಮೀನು ಹಿಡಿಯುವವರು ಎಲ್ಲಿ ನಿಲ್ಲಬೇಕು, ಹೇಗೆ ಹಿಡಿಯಬೇಕು, ಹಿಡಿದ ಮೇಲೆ ಏನು ಮಾಡಬೇಕು ಎಂದು ಮೂವತ್ತೊಂದು ದಫಾಗಳ ಕಾಯಿದೆ ಮಾಡಿದರು ಎಂದರೆ ನಂಬುತ್ತೀರಾ? ನಂಬಲೇಬೇಕು! ಆ ಮೂವತ್ತೊಂದನ್ನೂ ಬರೆದವಳು ನಾನು. ಮೂವತ್ತೆರಡನೆಯದರ ಮಾತು ಆಮೇಲೆ.

ನಾನು ಸೊಸೆಯಾಗಿ ಸುರಪುರಕ್ಕೆ ಬಂದದ್ದು ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಹೊಸತರಲ್ಲಿ. ತವರು ವಿಜಾಪುರದ ಕಡೆ. ಅಲ್ಲಿ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದೆ. ಮಾವನವರು ಗಿರ್ದಾವರರು. ಅಂದರೆ ಸರಪಳಿ ಹಿಡಿಸಿ ಹೊಲ ಅಳೆಸುವುದು, ಹದ್ದಿನ, ಎಂದರೆ ಹೊಲದ ಗಡಿಯ, ಜಗಳ ಬಿಡಿಸುವುದು ಅವರ ನೌಕರಿ. ಹಗಲೆಲ್ಲ ಕನ್ನಡದಲ್ಲೇ ಮಾತಾಡುತ್ತಿದ್ದರು, ಕನ್ನಡದಲ್ಲೇ ಬೈಯುತ್ತಿದ್ದರು. ಆದರೆ ಬರೆಯುವುದು ಉರ್ದು. ಅವರ ಕಾಲದ ಶಾಲೆಯಲ್ಲಿ ಬೇರೆಯದನ್ನು ಕಲಿಸುತ್ತಿರಲಿಲ್ಲ. ಉರ್ದುವಿನಲ್ಲಿ ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಕಚೇರಿಯೆಲ್ಲ ಹೊಗಳುತ್ತಿತ್ತು. ಕನ್ನಡದಲ್ಲಿ ತಮ್ಮ ಹೆಸರು ಕಂಡರೂ ಗುರುತು ಹಿಡಿಯಲು ಬರುತ್ತಿರಲಿಲ್ಲ. ಈಗ ಹುಕುಂ ಬಂದಿತ್ತು: ಇನ್ನು ಮುಂದೆ ಕಾಗದಪತ್ರವೆಲ್ಲ ಕನ್ನಡದಲ್ಲಿ, ಓದಲು ಬಾರದವರು ಮನೆಗೆ.

ಈ ಗುಟ್ಟು ನನಗೆ ಗೊತ್ತಾದದ್ದು ಹೀಗೆ. ಕಚೇರಿಯಿಂದ ಕನ್ನಡದ ಕಾಗದ ಬಂದರೆ ಅದನ್ನು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, "ನನ್ನ ಕನ್ನಡಕ ಎಲ್ಲೈತೊ ಏನೊ, ಏನ್ ಬರದಾರ ನೋಡವ್ವ" ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಓದಿ ಹೇಳುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, "ನಾ ಕಲಿಸಲೇನ್ರಿ?" ಎಂದೆ. ಬಾಗಿಲಿನ ಆಚೆಯಿಂದ, "ಇಷ್ಟು ವರ್ಷ ನೌಕರಿ ಮಾಡೀನಿ. ಈಗ ಸೊಸಿ ಮುಂದ ಪಾಟಿ ಬಳಪ ಹಿಡಕೊಂಡು ಕೂಡ್ಲೇನು?" ಎಂಬ ಉತ್ತರ ಬಂತು. ಆ ಮಾತು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಮಾವನವರ ಕಚೇರಿಗೆ ಹೊಸ ಸಾಹೇಬರು ಬಂದರು. ಧಾರವಾಡದ ಕಡೆಯವರು, ಒಳ್ಳೆಯವರು, ಆದರೆ ಒಂದು ಹುಚ್ಚು ಅಂಟಿಸಿಕೊಂಡಿದ್ದರು. ಹಿಂದೆ ಯಾವನೋ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಇದ್ದಾಗ ಕಲಿತದ್ದಂತೆ. ಗಾಳದ ಸಣ್ಣ ಕೊಕ್ಕಿಗೆ ಪುಕ್ಕ, ಕೂದಲು ಸುತ್ತಿ ನೊಣದ ಹಾಗೆ ಕಟ್ಟುವುದು. ಆ ಹುಸಿ ನೊಣವನ್ನು ಉದ್ದ ಬಳುಕುವ ಕೋಲಿನಿಂದ ಬಾರುಕೋಲು ಬೀಸಿದಂತೆ ಬೀಸಿ ನೀರ ಮೇಲೆ ಇಳಿಸುವುದು. ಮೀನು ನಿಜವಾದ ನೊಣವೆಂದು ಬಂದು ಕಚ್ಚುತ್ತದೆ. ಎಳೆದು, ಅಳೆದು, ಮತ್ತೆ ನೀರಿಗೇ ಬಿಡುವುದು. ಇದಿಷ್ಟೇ! ಇದಕ್ಕೆ ದೇಶವಿದೇಶಗಳಲ್ಲಿ ಪಂದ್ಯ ನಡೆಯುತ್ತದಂತೆ.

ಇದನ್ನು ಕೇಳಿ ನಮ್ಮ ಅತ್ತೆ, "ಬಿಡೋದಿದ್ರ ಹಿಡಿಯೋದ್ಯಾಕ?" ಎಂದು ಕೇಳಿದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಮಾವನವರು ಗಂಭೀರವಾಗಿ, "ನಾವು ಹೊಲ ಅಳೀತೀವಿ. ಅಳದ ಮ್ಯಾಲ ಹೊಲಾನ ಮನಿಗೆ ಹೊತಗೊಂಡು ಬರ್ತೀವೇನು?" ಎಂದರು. ಅತ್ತೆ ರೊಟ್ಟಿ ತಟ್ಟುವುದನ್ನು ಮುಂದುವರಿಸಿದರು.

ಮಾಗಿಯಲ್ಲಿ, ನೀರು ತಿಳಿಯಾದಾಗ, ಕೊಡೇಕಲ್ ದಾಟಿ ಕೃಷ್ಣೆಯ ದಂಡೆಯಲ್ಲಿ ಪಂದ್ಯ ಎಂದು ನಿಶ್ಚಯವಾಯಿತು. ರಾಯಚೂರು, ಕಲಬುರ್ಗಿ, ಹೈದರಾಬಾದಿನಿಂದ ಹನ್ನೆರಡು ಮಂದಿ ಬರುವವರು. ಬಂದೋಬಸ್ತೆಲ್ಲ ಗಿರ್ದಾವರರಿಗೆ. ಸಾಹೇಬರು ಹೇಳಿ ಕಳಿಸಿದ ಕೊನೆಯ ಮಾತು ಮಾತ್ರ ಮಾವನವರ ಎದೆಯಲ್ಲಿ ಕೊಕ್ಕಿಯ ಹಾಗೆಯೇ ಸಿಕ್ಕಿಕೊಂಡಿತು. "ಕಾಯಿದೆ ಕನ್ನಡದಾಗ ಇರ್ಲಿ. ದಂಡಿ ಮ್ಯಾಲೆ ನಿಂತು ಎಲ್ಲಾರ ಮುಂದ ನೀವೇ ಓದ್ರಿ. ನಿಮ್ಮ ಬಗ್ಗೆ ನಾ ವರದಿ ಬರೀಬೇಕಾಗೇದ, ಓದು ಕೇಳಿದಂಗೂ ಆಗ್ತದ."

ಆ ಸಂಜೆಯಿಂದ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ಮೀನಿನ ಪಾರಾಯಣ. ಅವರು ಪಡಸಾಲೆಯಲ್ಲಿ, ನಾನು ಬಾಗಿಲ ಹಿಂದೆ, ಹೊಸ್ತಿಲ ಮೇಲೆ ಕಾಗದ. ದಫಾ ಒಂದು: ನೊಣ ಹುಸಿಯದೇ ಆಗಿರತಕ್ಕದ್ದು. ದಫಾ ಎರಡು: ಎರೆಹುಳು, ಜೀವಂತ ನೊಣ, ಜೋಳದ ಹಿಟ್ಟಿನ ಉಂಡೆ ಕಟ್ಟಿದವರು ಹೊರಗೆ. ಮೂರಕ್ಕೆ ಬಂದಾಗ ನಾನು, "ಮೀನಿಗೆ ನೋವಾಗಂಗಿಲ್ಲೇನ್ರಿ?" ಎಂದು ಕೇಳಿಬಿಟ್ಟೆ. ಅವರು ಬರೆಸಿದರು: ಕಚ್ಚಿದ ಮೀನು ಕಳಚಿಕೊಳ್ಳದಂತೆ ತಡೆಯುವ ಕೊಕ್ಕಿಯ ಒಳಮುಳ್ಳನ್ನು ಬಡಿದು ಮಟ್ಟಸ ಮಾಡತಕ್ಕದ್ದು. ವಿಲಾಯತಿಯ ಪಂದ್ಯಗಳಲ್ಲಿಯೂ ಇದೇ ನಿಯಮ ಇದೆಯೆಂದು ಆಮೇಲೆ ಸಾಹೇಬರೇ ಬೆರಗಾದರು.

ಇನ್ನು ನದಿ. ಹನ್ನೆರಡು ಜನರಿಗೆ ಹನ್ನೆರಡು ಜಾಗ ಬೇಕಲ್ಲ? ಹೊಲ ಅಳೆಯುವವರ ಕೈಗೆ ನದಿ ಸಿಕ್ಕರೆ ಏನಾದೀತು! ಸರಪಳಿ ಎಳೆಸಿದರು, ದಂಡೆಗೆ ಸುಣ್ಣದ ಕಲ್ಲು ನೆಡಿಸಿದರು. ನೀರಿನೊಳಗೆ ಕಲ್ಲು ನಿಲ್ಲದ್ದಕ್ಕೆ ಒಣಗಿದ ಸೋರೆಬುರುಡೆಗಳನ್ನು ಹಗ್ಗಕ್ಕೆ ಕಟ್ಟಿ ತೇಲಬಿಟ್ಟು ಹದ್ದು ಮಾಡಿದರು. ಕೃಷ್ಣೆಗೆ ಸರ್ವೆ ನಂಬರು ಬಿತ್ತು. ನಾಲ್ಕನೆಯ ನಂಬರಿನಲ್ಲಿ ಮಡುವಿದೆ, ಹನ್ನೊಂದರಲ್ಲಿ ಬರೀ ಬಂಡೆ. ಆದ್ದರಿಂದ ಅರ್ಧ ಹೊತ್ತಿಗೆ ಎಲ್ಲರೂ ಜಾಗ ಬದಲಿಸಬೇಕೆಂದು ಒಂದು ದಫಾ. ಎಮ್ಮೆ ನೀರಿಗಿಳಿದರೆ, ಅದು ಎಷ್ಟು ಹೊತ್ತು ಕೂತಿತ್ತೋ ಅಷ್ಟು ಹೊತ್ತು ಆ ನಂಬರಿನವರಿಗೆ ಹೆಚ್ಚು ಕೊಡಬೇಕೆಂದು ಇನ್ನೊಂದು. ಮೊಸಳೆ ಕಂಡರೆ ಮೇಲಿನ ಎಲ್ಲ ದಫಾಗಳೂ ರದ್ದು ಎಂದು ಮತ್ತೊಂದು.

ನೊಣ ಕಟ್ಟುವ ಕೆಲಸವೂ ಅವರ ತಲೆಗೇ ಬಂತು. ಪಕ್ಕದ ಕುರುಬರ ಮನೆಯ ಆಡಿನ ಕೂದಲು ಬಂತು, ಯಾರದೋ ಹುಂಜದ ಪುಕ್ಕ ಬಂತು. ಅತ್ತೆ, "ಕೋಳಿ ಪುಕ್ಕ ಹೊಸ್ತಿಲ ದಾಟಬಾರ್ದು" ಎಂದರು. ಮಾವನವರು ಹೊರಗಿನ ಕಟ್ಟೆಯ ಮೇಲೆ ಕೂತು ಕಟ್ಟಿದರು. ಕಚೇರಿ ಕಾಗದಗಳ ಬಸ್ತಾ ಕಟ್ಟಿ ಕಟ್ಟಿ ಪಳಗಿದ ಬೆರಳುಗಳು. ಸಾಹೇಬರ ನೊಣಕ್ಕಿಂತ ಅವರ ನೊಣ ಚೆಂದ. ಆದರೆ ಪ್ರತಿ ನೊಣಕ್ಕೂ ಒಂದು ಸಲ ಸ್ನಾನ!

ಪ್ರತಿಯೊಂದು ನಂಬರಿಗೂ ಒಬ್ಬ ಗವಾಹಿ, ಅಂದರೆ ಮೀನಿನ ಉದ್ದ ಅಳೆದು ಬರೆದುಕೊಳ್ಳುವ ಸಾಕ್ಷಿ ಬೇಕು. ಮಾವನವರು ಸುರಪುರದ ಪೇಟೆಯ ಹನ್ನೆರಡು ಲಿಂಗವಂತ ಅಂಗಡಿಕಾರರನ್ನು ಆರಿಸಿದರು. "ಮೀನ ತಿನ್ನಾವ ಗವಾಹಿ ಆದ್ರ ಮನಸ್ಸು ಜಾರ್ತದ. ಇವ್ರಿಗೆ ಯಾವ ಮೀನ ಆದ್ರೂ ಒಂದ" ಎಂದು ಅವರ ತರ್ಕ. ನನಗೂ ಸರಿಯೆನಿಸಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಸರಿಯೆನಿಸಿತು. ತಪ್ಪಿದ್ದದ್ದೇ ಅಲ್ಲಿ.

"ದೊಡ್ಡ ಅಕ್ಷರದಾಗ ಮೂರು ಪ್ರತಿ ಮಾಡವ್ವ" ಎಂದರು ಮಾವನವರು. "ಒಂದು ಸಾಹೇಬರಿಗೆ, ಒಂದು ಓದಾಕ. ಒಂದು, ಮಳಿ ಬಂದು ತೋಯ್ದರ ಇರ್ಲಿ ಅಂತ."

"ಮಾಗ್ಯಾಗ ಮಳಿ ಎಲ್ಲಿಂದ ಬರ್ತದ?" ಎಂದರು ಅತ್ತೆ. ಮಾವನವರು ಕನ್ನಡಕ ಒರೆಸತೊಡಗಿದರು.

ದಿನಾ ಸಂಜೆ ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಮೂವತ್ತೊಂದೂ ಬಾಯಿಪಾಠವಾದವು. ಹಾಳೆ ಎಲ್ಲಿ ಮಗುಚಬೇಕೆಂಬುದನ್ನೂ ಬಾಯಿಪಾಠ ಮಾಡಿಸಿದೆ: ಮೊದಲ ಹಾಳೆ ಸೋರೆಬುರುಡೆಗೆ ಮುಗಿಯುತ್ತದೆ, ಎರಡನೆಯದು ಎಮ್ಮೆಗೆ. ಅವರಿಗೆ ನೆನಪು ಬಹಳ. ಆದರೆ ನಡುವೆ ಸಾಹೇಬರು ತಡೆದು, ಈ ಸಾಲು ಮತ್ತೊಮ್ಮೆ ಓದಿರಿ ಎಂದು ಬೆರಳಿಟ್ಟರೆ? ಅದನ್ನು ನೆನೆದು ನನಗೆ ಊಟ ಸೇರುತ್ತಿರಲಿಲ್ಲ.

ಪಂದ್ಯದವರು ಬಂದರು. ಯಾದಗಿರಿಯಲ್ಲಿ ರೈಲು ಇಳಿಯಬೇಕಾದವರಲ್ಲಿ ಇಬ್ಬರು ಸೈದಾಪುರದಲ್ಲೇ ಇಳಿದು ಎತ್ತಿನ ಗಾಡಿ ಹಿಡಿದರು. ಉಳಿದವರು ಶಹಾಪುರದ ಮೇಲೆ ಬಸ್ಸಿನಲ್ಲಿ ಬಂದರು. ಅವರ ಉದ್ದುದ್ದ ಕೋಲುಗಳನ್ನು ನೋಡಿ ಕಂಡಕ್ಟರ್, "ಯಾವ ಊರ ಅಳ್ಯಾಕ ಹೊಂಟೀರಿ?" ಎಂದು ಕೇಳಿದನಂತೆ. ಅಷ್ಟೇ, ಬಸ್ಸಿನವರೆಲ್ಲ ತಮ್ಮ ತಮ್ಮ ಹೊಲದ ಹದ್ದಿನ ತಕರಾರು ಹೇಳಿಕೊಳ್ಳಲು ಮುತ್ತಿಕೊಂಡರಂತೆ. ಸುರಪುರದಲ್ಲಿ ಇಳಿದಾಗ ಪಾಪ, ಹೈದರಾಬಾದಿನ ಡಾಕ್ಟರರ ಕಿಸೆಯಲ್ಲಿ ನಾಲ್ಕು ಅರ್ಜಿಗಳಿದ್ದವು.

ಪಂದ್ಯದ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿಯ ಬುಟ್ಟಿಗಳೊಂದಿಗೆ ಅತ್ತೆಯೂ ನಾನೂ ದಂಡೆಯ ಬೇವಿನ ಕೆಳಗೆ ಕೂತಿದ್ದೆವು. ಮಾವನವರು ಹೊಸ ರುಮಾಲು ಸುತ್ತಿ ಬಂಡೆಯ ಮೇಲೆ ನಿಂತರು. ಓದಿದರು. ಸೋರೆಬುರುಡೆಗೆ ಹಾಳೆ ಮಗುಚಿದರು, ಎಮ್ಮೆಗೆ ಮಗುಚಿದರು. ಮೂವತ್ತೊಂದು ಮುಗಿಯಿತು. ನಾನು ರೊಟ್ಟಿಯ ಬುಟ್ಟಿಗೆ ಕೈ ಹಾಕಿದೆ.

"ದಫಾ ಮೂವತ್ತೆರಡು" ಎಂದರು ಮಾವನವರು.

ನಾನು ಮೂವತ್ತೆರಡು ಬರೆದೇ ಇರಲಿಲ್ಲ.

"ಈ ಕಾಯಿದೆಯ ಬಗ್ಗೆ ಏನೇ ತಕರಾರು ಬಂದರೂ, ಇದನ್ನು ಬರೆದ ನನ್ನ ಸೊಸೆಯ ಮಾತೇ ಕಡೆಯ ಮಾತು."

ಎಲ್ಲರೂ ತಿರುಗಿ ನೋಡಿದರು. ನಾನು ಸೆರಗು ಮೂಗಿನ ತನಕ ಎಳೆದುಕೊಂಡೆ. ಅತ್ತೆ ಮೆಲ್ಲಗೆ, "ಈ ಮನಷ್ಯಾಗ ತಲಿ ಕೆಟ್ಟೈತಿ" ಎಂದರು.

ಮೊದಲ ಮೀನು ಎರಡನೆಯ ನಂಬರಿನಲ್ಲಿ ಸಿಕ್ಕಿತು. ಅಲ್ಲಿಯ ಗವಾಹಿ ಬಟ್ಟೆ ಅಂಗಡಿಯವರು. ಗಜಕಡ್ಡಿ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತು ಗಾಳಿಯನ್ನು ಅಳೆಯುತ್ತಿದ್ದರು.

"ಹತ್ತಿರ ಬರ್ರಿ" ಎಂದರು ಮೀನು ಹಿಡಿದವರು.

"ಇಲ್ಲಿಂದನ ಕಾಣ್ತದ್ರಿ. ಒಂದೂವರಿ ಗೇಣು ಬರಕೊಂತೀನಿ."

ಹನ್ನೆರಡೂ ನಂಬರಿನಲ್ಲಿ ಇದೇ ಕಥೆ. ಮೂವತ್ತೆರಡು ದಫಾ ಮಾಡಿದ ನಮ್ಮ ಮನೆಯಲ್ಲಿ, ಮೀನು ಅಳೆಯಬೇಕಾದರೆ ಯಾರಾದರೂ ಅದನ್ನು ಮುಟ್ಟಬೇಕಾಗುತ್ತದೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ! ಕಡೆಗೆ ಅಂಬಿಗರ ಹೆಂಗಸೊಬ್ಬಳು ನಗುತ್ತ ಬಂದು ಗಜಕಡ್ಡಿ ಕಸಿದುಕೊಂಡಳು. "ನೀವು ಕಾಯಿದಿ ನೋಡಕೊಳ್ರಿ, ಮೀನಾ ನಾ ನೋಡಕೊಂತೀನಿ" ಎಂದು ದಂಡೆಯುದ್ದಕ್ಕೂ ಓಡಾಡಿ ಅಳೆದು, ಮುತ್ತಿಟ್ಟಂತೆ ಮೆಲ್ಲಗೆ ನೀರಿಗೆ ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ನಂಬರಿನ ಡಾಕ್ಟರರ ನೊಣ ಕಚ್ಚಿದ ದೊಡ್ಡ ಮೀನೊಂದು ಬುರುಡೆಯ ಹದ್ದು ದಾಟಿ ಐದಕ್ಕೆ ಓಡಿ, ಅಲ್ಲಿಯ ಎಂಜಿನಿಯರರ ದಾರಕ್ಕೂ ಸುತ್ತಿಕೊಂಡಿತು. ನನ್ನದು, ನನ್ನದು ಎಂದು ಇಬ್ಬರೂ ದನಿ ಏರಿಸಿದರು. ಸಾಹೇಬರು ನಗುತ್ತ, "ದಫಾ ಮೂವತ್ತೆರಡು. ಸೊಸೆಯವರನ್ನ ಕರೀರಿ" ಎಂದರು. ಸೆರಗು ಸರಿಮಾಡಿಕೊಂಡು ಹೋದೆ. ಇಬ್ಬರೂ ವಾದ ಮಂಡಿಸಿದರು. ಅಷ್ಟರಲ್ಲಿ ನೀರಿನ ಕಡೆ ನೋಡಿದರೆ ಎರಡು ದಾರವೂ ಸಡಿಲ. ಒಳಮುಳ್ಳಿಲ್ಲದ ಕೊಕ್ಕಿ, ಮೀನು ಯಾವಾಗಲೋ ಹೋಗಿತ್ತು.

"ಮೀನನ ಹೋಗೇತ್ರಿ. ಇನ್ನ ತಕರಾರು ಎಲ್ಲೈತಿ?" ಎಂದೆ. ಅದೇ ನನ್ನ ತೀರ್ಪು. ಇಬ್ಬರೂ ಒಪ್ಪಿಕೊಂಡರು.

ಎಲ್ಲ ಮುಗಿಯಿತು, ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಸಾಹೇಬರ ಗುಮಾಸ್ತ ಆಗಷ್ಟೇ ಬರೆದು ಮುಗಿಸಿದ ಫಲಿತಾಂಶದ ಹಾಳೆ ತಂದ. ಸಾಹೇಬರು ಅದನ್ನು ಮಾವನವರ ಕೈಗೆ ಕೊಟ್ಟು, "ಇದನ್ನೂ ನೀವೇ ಓದ್ರಿ" ಎಂದರು.

ಅದು ನಾನು ಬರೆದದ್ದಲ್ಲ, ಅವರು ಕೇಳಿದ್ದಲ್ಲ. ಮಾವನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹಾಳೆಯ ಮೇಲೆ ಬೆರಳಿಟ್ಟರು.

"ಮೊ... ದ... ಲ... ನೆ... ಯ... ವ... ರು..."

ಒಂದೊಂದೇ ಅಕ್ಷರ. ಹನ್ನೆರಡು ಮಂದಿ ಪಂದ್ಯದವರು, ಗಿರ್ದಾವರರು ಬೇಕೆಂದೇ ಕಾಯಿಸುತ್ತಿದ್ದಾರೆಂದು ತಿಳಿದು ನಗುತ್ತ, ಚಪ್ಪಾಳೆ ತಟ್ಟುತ್ತ ಕಾದರು. ಸಾಹೇಬರು ಮಾತ್ರ ನಗಲಿಲ್ಲ, ಅವಸರ ಮಾಡಲೂ ಇಲ್ಲ. ಬೆವರು ಒರೆಸಿಕೊಳ್ಳುತ್ತ ಮಾವನವರು ಕೊನೆಯ ಹೆಸರಿನ ತನಕ ಓದಿ ಮುಗಿಸಿದರು. ಬೇವಿನ ಕೆಳಗೆ ನಾನು ಅಳುತ್ತಿದ್ದೆ. ಯಾಕೆಂದು ಅತ್ತೆಗೂ ಹೇಳಲಾಗಲಿಲ್ಲ.

ಮನೆಗೆ ಬಂದ ಮೇಲೆ ಅವರು ಕಾಗದಗಳನ್ನೆಲ್ಲ ಎಂದಿನಂತೆ ಹೊಸ್ತಿಲ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ಎತ್ತಿ ನೋಡಿದೆ. ಮಳೆಗೆಂದು ಇಟ್ಟ ಮೂರನೆಯ ಪ್ರತಿಯಲ್ಲಿ ನನ್ನ ಪ್ರತಿ ಅಕ್ಷರದ ಮೇಲೂ ಅವರು ಮಸಿಯಿಂದ ತಿದ್ದಿದ್ದರು. ತಿದ್ದಿ ತಿದ್ದಿ ಕಾಗದ ಅಲ್ಲಲ್ಲಿ ತೂತು ಬಿದ್ದಿತ್ತು. ಓದಿದ ಪ್ರತಿಯ ಕೊನೆಗೆ ಮೂವತ್ತೆರಡನೆಯ ದಫಾ ಇತ್ತು. ಅದು ನನ್ನದೇ ಅಕ್ಷರ ಅನ್ನಿಸುವಂತಿತ್ತು. ನಾನು 'ಳ' ಬರೆಯುವಾಗ ಬಾಲವನ್ನು ಕೆಳಗಿನ ಸಾಲಿನ ತನಕ ಎಳೆಯುತ್ತೇನೆ. ಶಾಲೆಯಲ್ಲಿ ಅದಕ್ಕೆ ಮಾಸ್ತರರ ಏಟು ತಿಂದಿದ್ದೆ. ಆ ಬಾಲವನ್ನೂ ಅವರು ಬಿಟ್ಟಿರಲಿಲ್ಲ.

ವರದಿ ಚೆನ್ನಾಗಿಯೇ ಹೋಯಿತು. ನಿವೃತ್ತಿಯ ತನಕ ನೌಕರಿ ಮಾಡಿದರು. ನಾನು ಕಲಿಸಿದೆನೆಂದು ಅವರು ಹೇಳಲಿಲ್ಲ, ಕಲಿತಿರೆಂದು ನಾನೂ ಹೇಳಲಿಲ್ಲ. ನನ್ನ ಏಳನೆಯ ಇಯತ್ತೆ ಅಡುಗೆಮನೆಯಲ್ಲೇ ಮುಗಿಯಿತೆಂದು ಎಷ್ಟೋ ಸಲ ಒಳಗೊಳಗೆ ಕೊರಗಿದ್ದುಂಟು.

ಅವರು ಹೋಗಿ ಬಹಳ ವರ್ಷಗಳಾದವು. ಮೊನ್ನೆ ನನ್ನ ಮಗ ಯಾವುದೋ ಹಳೆಯ ಕಾಗದ ತೆಗೆಸಲು ಕಚೇರಿಗೆ ಹೋಗಿದ್ದ. ಬಂದವನೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅವ್ವಾ, ದೇವಾಪುರದ್ದು, ಕೊಡೇಕಲ್‌ದ್ದು, ಸುತ್ತ ಎಲ್ಲಾ ಊರಿನ ಹೊಲ ಅಳದ ಹಳೀ ಕಾಗದ ನೋಡಿದೆ. ಎಲ್ಲಾ ನಿನ್ನ ಅಕ್ಷರದಾಗ ಅದಾವ. ನೀ ಯಾವಾಗ ಕಚೇರ್ಯಾಗ ನೌಕರಿ ಮಾಡಿದ್ದಿ?"