ಕಾಲೇಜು ನೋಡುವ ಶಾಸ್ತ್ರ

ಕೆಲವರ ಜಾತಕದಲ್ಲಿ ವಿದೇಶಯೋಗ ಇರುತ್ತದಂತೆ. ನನ್ನ ಜಾತಕದಲ್ಲಿ ಅದರ ಪಕ್ಕದ ಮನೆಯಲ್ಲೇ ಬೆಚ್ಚಿಬೀಳುವ ಯೋಗವೂ ಕೂತಿತ್ತು ಅಂತ ಕಾಣುತ್ತದೆ. ನ್ಯೂಜೆರ್ಸಿಯ ಆ ಆಫೀಸಿನಲ್ಲಿ ಇದ್ದಷ್ಟು ದಿನವೂ ಒಂದಲ್ಲ ಒಂದು ನಡೆಯುತ್ತಲೇ ಇತ್ತು, ನಾನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಲೇ ಇದ್ದೆ.

ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಅಂತ ಹೆದರಿ ಅಮೆರಿಕದವರು ಕಂಪ್ಯೂಟರ್ ಕಲಿತ ನಮ್ಮನ್ನೆಲ್ಲ ಕರೆಸಿಕೊಂಡಿದ್ದರು. ಇಸವಿ ಹುಟ್ಟಿತು, ಏನೂ ಕೈಕೊಡಲಿಲ್ಲ, ನಾವು ಉಳಿದುಬಿಟ್ಟೆವು. ನನ್ನ ಜೊತೆ ಬಂದವರಿಗೆಲ್ಲ ಬ್ಯಾಂಕು, ಟೆಲಿಫೋನ್ ಕಂಪನಿ ಸಿಕ್ಕಿತು. ನನ್ನನ್ನು ಮಾತ್ರ ನಮ್ಮ ಕನ್ಸಲ್ಟಿಂಗ್ ಕಂಪನಿಯವರು ಪಿಸ್ಕಾಟವೇ ಹತ್ತಿರದ ಒಂದು ಪುಟ್ಟ ಆಫೀಸಿಗೆ ತಳ್ಳಿದರು. ಎಂಟು ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಂಡು ತಮ್ಮತಮ್ಮೊಳಗೇ ಬ್ಯಾಸ್ಕೆಟ್‌ಬಾಲು ಮತ್ತೊಂದು ಆಡುತ್ತಾರೆ, ಅದಕ್ಕೆ ಅಲ್ಲಿ ಕಾನ್ಫರೆನ್ಸ್ ಅಂತಾರೆ. ಯಾರು ಯಾರ ಮೇಲೆ ಯಾವತ್ತು ಎಲ್ಲಿ ಆಡಬೇಕು ಅಂತ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಆಫೀಸಿನ ಯಜಮಾನನಿಗೆ ಕಮಿಷನರ್ ಅಂತ ಹೆಸರು. ಆರೂವರೆ ಅಡಿ ಆಳು, ಹಳೇ ಆಟಗಾರ. ನಾನು "ಸರ್" ಅಂದಾಗಲೆಲ್ಲ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡುತ್ತಿದ್ದ.

ಅಷ್ಟರಲ್ಲಿ ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ನನ್ನ ಗಂಡ ಕೆಲಸಕ್ಕಿದ್ದ ಕಂಪನಿಯೂ ಹಾಕಿತು. ಅವರು ನನ್ನ ವೀಸಾಕ್ಕೆ ಡಿಪೆಂಡೆಂಟ್ ಆಗಿ ಮನೆಯಲ್ಲಿ ಕೂತು ಚಪಾತಿ ಲಟ್ಟಿಸುವುದನ್ನು ಕಲಿಯುತ್ತಿದ್ದರು. ಗದಗಿನಿಂದ ಆರು ತಿಂಗಳಿಗೆ ಅಂತ ಬಂದಿದ್ದ ಅತ್ತೆ ಆ ಚಪಾತಿ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನನ್ನ ಪ್ರೋಗ್ರಾಮೋ, ಮುಗಿಯುತ್ತಾ ಬಂದಿತ್ತು. ಮುಗಿದರೆ ನಾನು ಬೆಂಚಿಗೆ, ಅಂದರೆ ಕೆಲಸವಿಲ್ಲದೆ ಕೂರುವುದಕ್ಕೆ. ಆಗಿನ ಕಾಲದಲ್ಲಿ ಎಚ್-ಒನ್ ವೀಸಾದವಳು ಬೆಂಚಿಗೆ ಹೋದಳು ಅಂದರೆ ಅರ್ಧ ವಿಮಾನ ಹತ್ತಿದ ಹಾಗೆ.

ಅಂಥ ಹೊತ್ತಿಗೆ ಕಮಿಷನರ್ ಹೇಳಿದ: "ನಮ್ಮ ಕಾನ್ಫರೆನ್ಸಿಗೆ ಇನ್ನೊಂದು ಕಾಲೇಜು ಸೇರಿಸಿಕೊಳ್ಳೋಣ ಅಂತಿದ್ದೀವಿ."

ಕಾಲೇಜು ಹೆಚ್ಚಾದರೆ ನನ್ನ ಪ್ರೋಗ್ರಾಮ್ ಪೂರ್ತಿ ಮತ್ತೆ ಬರೆಯಬೇಕು. ಅಂದರೆ ಇನ್ನೊಂದು ವರ್ಷ ಕೆಲಸ. ನನ್ನ ಸಂಸಾರವೆಲ್ಲ ಆ ಒಂದು ಕಾಲೇಜಿನ ಮೇಲೆ ನಿಂತಿತು.

ಲೈಬ್ರರಿಯ ಮಹಡಿಗಳು

ಸೇರುತ್ತೇವೆ ಅಂತ ಮುಂದೆ ಬಂದದ್ದು ಎರಡು ಕಾಲೇಜು. ಯಾವುದು ವಾಸಿ ಅಂತ ಎಲ್ಲರೂ ಹೇಳಿ ಅಂದ ಕಮಿಷನರ್. "ಪ್ರೋಗ್ರಾಮ್ ಬರೆಯುವವಳು ನೀನು, ನೀನೂ ಹೇಳಬೇಕು" ಅಂದ.

ನಮಗೆ ಹೇಳಿಕೊಡಬೇಕೇ? ನಾವು ಹುಟ್ಟಿದ್ದೇ ಯಾವ ಕಾಲೇಜು ವಾಸಿ ಅಂತ ತಲೆ ಕೆಡಿಸಿಕೊಳ್ಳುವ ಮನೆಗಳಲ್ಲಿ. ಶನಿವಾರ ಭಾನುವಾರ ಎರಡೂ ದಿನ ಕೂತು ಎಲ್ಲ ಪತ್ತೆ ಮಾಡಿದೆ. ಯಾವುದರಲ್ಲಿ ಎಂಜಿನಿಯರಿಂಗ್ ಇದೆ, ಮೆಡಿಕಲ್ ಸೀಟಿದೆಯೋ ಇಲ್ಲವೋ, ಓದು ಮುಗಿಸಿದವರಿಗೆ ಕೆಲಸ ಸಿಗುತ್ತದೋ, ಹುಡುಗಿಯರ ಹಾಸ್ಟೆಲ್ ಎಷ್ಟು ದೂರ, ಯಾವುದನ್ನೂ ಬಿಡಲಿಲ್ಲ. ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ: "ಎರಡನೆಯ ಮಾತೇ ಬೇಡ ಸರ್. ಬೆಟ್ಟದ ಮೇಲಿನ ಕಾಲೇಜೇ ಸರಿ. ಮೇಷ್ಟ್ರುಗಳೆಲ್ಲ ಘಟಾನುಘಟಿಗಳು. ಲೈಬ್ರರಿ ಅಂತೂ ಆರು ಮಹಡಿ!"

ಕಮಿಷನರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಅವರ ಜಿಮ್ ಹೇಗಿದೆ?"

"ಜಿಮ್ ನೋಡಲಿಲ್ಲ ಸರ್."

"ಕೋಚ್ ಯಾರು?"

"ಗೊತ್ತಿಲ್ಲ ಸರ್. ಆದರೆ ಲೈಬ್ರರಿ..."

"ಮ್ಯಾಮ್," ಅಂದ, ಬಹಳ ಮೆತ್ತಗೆ, "ಆ ಲೈಬ್ರರಿ ಒಂದು ಮ್ಯಾಚಿಗೆ ಎಷ್ಟು ಪಾಯಿಂಟ್ ಹೊಡೆಯುತ್ತೆ?"

ಮಾವನವರ ಗಣಿತ

ಅಲ್ಲಿಂದಾಚೆ ಬಾಯಿ ಮುಚ್ಚಿಕೊಂಡು ಕಿವಿ ತೆರೆದುಕೊಂಡೆ. ಕೇಳಿದ್ದೊಂದೊಂದೂ ಎದೆ ಒಡೆಯುವಂಥದ್ದೇ. ಕಾಲೇಜಿರುವ ಊರಿನಲ್ಲಿ ಎಷ್ಟು ಮನೆಯವರು ಟಿವಿಯಲ್ಲಿ ಮ್ಯಾಚು ನೋಡುತ್ತಾರೆ ಅಂತ ವಿಚಾರಿಸುತ್ತಿದ್ದರು. ಟೀಮಿನ ಬಸ್ಸು ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಅಂತ ಕೇಳುತ್ತಿದ್ದರು. ಪಾಪ್‌ಕಾರ್ನ್ ಮಾರುವ ಜಾಗ ಸಾಲುತ್ತದೆಯೇ ಅಂತ ಒಂದು ಬೆಳಗು ಪೂರ್ತಿ ಚರ್ಚೆ ನಡೆಯಿತು. ಕಾಲೇಜು ಸೇರಿಸಿಕೊಳ್ಳುವ ಅಷ್ಟೂ ಮೀಟಿಂಗಿನಲ್ಲಿ ಪಾಠ ಅನ್ನುವ ಮಾತು ಅಪ್ಪಿತಪ್ಪಿಯೂ ಬರಲಿಲ್ಲ.

ಒಂದು ದಿನ ಪಕ್ಕದ ಮೇಜಿನವಳು ಏನೋ ಮಾತಿಗೆ ಹೇಳಿದಳು, ಇಂಥ ಕಡೆಯೆಲ್ಲ ಕೆಲವೊಮ್ಮೆ ಬ್ಯಾಸ್ಕೆಟ್‌ಬಾಲ್ ಕೋಚಿನ ಸಂಬಳ ಕಾಲೇಜಿನ ಪ್ರೆಸಿಡೆಂಟಿಗಿಂತ ಜಾಸ್ತಿ ಇರುತ್ತದೆ ಅಂತ. ನನಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಪ್ರೆಸಿಡೆಂಟ್ ಅಂದರೆ ನಮ್ಮ ಕಡೆ ವೈಸ್ ಚಾನ್ಸೆಲರ್ ಇದ್ದ ಹಾಗೆ. ವೈಸ್ ಚಾನ್ಸೆಲರ್‌ಗಿಂತ ಪಿ.ಟಿ. ಮೇಷ್ಟ್ರಿಗೆ ಹೆಚ್ಚು ಸಂಬಳ!

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಲಟ್ಟಣಿಗೆ ಹಿಡಿದುಕೊಂಡೇ ನಿಂತುಬಿಟ್ಟರು. ಆ ಭಾನುವಾರ ಗದಗಿಗೆ ಫೋನು ಮಾಡಿದಾಗ ಮಾವನವರಿಗೂ ಹೇಳಿದರು. ಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದವರು. ಆ ಕಡೆಯಿಂದ ಉಸಿರೇ ಇಲ್ಲ. ಫೋನ್ ಕಾರ್ಡು ಮುಗಿದು ಲೈನು ಕಟ್ಟಾಯಿತೇನೋ ಅಂದುಕೊಂಡೆವು.

"ಅಪ್ಪಾ? ಕೇಳಸ್ತೈತೇನು?" ಅಂದರು ಇವರು.

"ಕೇಳಸ್ತೈತೋ," ಅಂದರು ಮಾವ. "ನಮ್ಮ ಸಾಲ್ಯಾಗ ಹುಡುಗೂರ್ನ ಖೋಖೋ ಆಡಸಾಕ ಮೊದಲ ನನಗ ಕರದಿದ್ರು. ಸುಮ್ನ ಗಣಿತ ಕಲಿಸಿ ಕೆಟ್ನೆಲ್ಲೋ ಮಾರಾಯಾ!"

ಊರಿಗೆ ಹೋಗಿ ತಿಳಿಸುತ್ತೇವೆ

ಬರೀ ಮಾತಿನಲ್ಲೇ ಸೇರಿಸಿಕೊಳ್ಳುವುದಿಲ್ಲ, ಕಾಲೇಜಿಗೆ ಹೋಗಿ ನೋಡಿ ಬರುತ್ತಾರೆ. ಬೆಟ್ಟದ ಮೇಲಿನ ಕಾಲೇಜಿಗೆ ಲ್ಯಾಪ್‌ಟಾಪ್ ಹೊರಲು ನನ್ನನ್ನೂ ಕರೆದುಕೊಂಡು ಹೋದರು. ಹೋಗಿ ಇಳಿದರೆ, ಅಯ್ಯೋ ದೇವರೇ, ಅದು ಥೇಟು ಹೆಣ್ಣು ನೋಡುವ ಶಾಸ್ತ್ರ! ಬಾಗಿಲಲ್ಲೇ ಎದುರುಗೊಂಡರು. ಎಲ್ಲ ಕಡೆ ಹೊಸ ಬಣ್ಣ ಬಳಿದಿದ್ದರು, ಇನ್ನೂ ವಾಸನೆ ಹೋಗಿರಲಿಲ್ಲ. ತಿಂಡಿಯ ಮೇಲೆ ತಿಂಡಿ ಇಟ್ಟು "ಇನ್ನೊಂಚೂರು, ಇನ್ನೊಂಚೂರು" ಅಂತ ಉಪಚಾರ. ಅವರ ಪ್ರೆಸಿಡೆಂಟ್ ಬಡಕಲು ಶರೀರದ ವಿದ್ವಾಂಸರು. ಕೈ ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದಕ್ಕೆ ಹಾಕಿಕೊಳ್ಳುತ್ತಿದ್ದರು. ಹೆಣ್ಣು ಹೆತ್ತವರ ಸಂಕಟ ನನಗೆ ಗೊತ್ತಿಲ್ಲವೇ?

ನಮ್ಮ ಕಮಿಷನರ್ ಗಂಡಿನ ಕಡೆಯ ಸೋದರಮಾವನ ಗತ್ತಿನಲ್ಲಿ ಎಲ್ಲ ತಟ್ಟಿ ಕುಟ್ಟಿ ನೋಡಿದ. ಆಟಗಾರರ ಸ್ನಾನದ ಮನೆಗೆ ಹೋಗಿ ಶವರಿನ ಕೆಳಗೆ ನಿಂತ. ಅದು ಅವನ ಎದೆಯ ಮಟ್ಟಕ್ಕಿತ್ತು. "ಹೂಂ" ಅಂದ, ಅಷ್ಟೇ. ಕಾಫಿಯನ್ನು ಅರ್ಧಕ್ಕೇ ಬಿಟ್ಟ. ಹೊರಡುವಾಗ ಕೈ ಕುಲುಕಿ, "ಬಹಳ ಸಂತೋಷ. ನಾವು ಹೋಗಿ ಮಾತಾಡಿಕೊಂಡು ನಿಮಗೆ ತಿಳಿಸ್ತೀವಿ" ಅಂದ.

ಪ್ರೆಸಿಡೆಂಟರ ಮುಖ ಅರಳಿತು. ನಾನು ಚೀಲ ಎತ್ತಿಕೊಳ್ಳುವಾಗ ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದರು: "ಒಪ್ಪಿದ ಹಾಗೆ ಕಾಣುತ್ತೆ, ಅಲ್ಲವೇ?" ಪಾಪ, ಆಸೆ ಹುಟ್ಟಿಸಿ ಕಾಯಿಸುವುದು ನನಗೆ ಸರಿಬರಲಿಲ್ಲ. "ಇಲ್ಲ ಸರ್, ನೀವು ಬೇರೆ ಕಡೆ ನೋಡಿಕೊಳ್ಳಿ" ಅಂದುಬಿಟ್ಟೆ.

ದಾರಿಯಲ್ಲಿ ಕಮಿಷನರ್ ಕಾರು ಓಡಿಸುತ್ತಾ ಹೇಳಿದ: "ಒಳ್ಳೇ ಜನ. ಆದರೆ ನಮಗೆ ಹೊಂದಲ್ಲ. ಅವರಿಗೆ ಹೇಗೆ ಹೇಳೋದೋ!"

"ನಾನಾಗಲೇ ಹೇಳಿದೆ ಸರ್."

ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು. "ಏನು? ನಾನೇ ಈಗ ತಾನೇ ತೀರ್ಮಾನ ಮಾಡಿದೆ! ನಿನಗೆ ಅಲ್ಲೇ ಹೇಗೆ ಗೊತ್ತಾಯ್ತು?"

"ಮದುವೆಗೆ ಮುಂಚೆ ನಾಲ್ಕು ಸಲ ಉಪ್ಪಿಟ್ಟು ಮಾಡಿದ್ದೀನಿ ಸರ್," ಅಂದೆ.

ಬಸವಣ್ಣ

ಉಳಿದದ್ದು ಒಂದೇ ಕಾಲೇಜು. ಅದೂ ಬೇಡವಾದರೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ನಾನು ಗಂಟುಮೂಟೆ ಕಟ್ಟಬೇಕು. ಕಾಲೇಜಿನ ಟೀಮೋ, ಆ ವರ್ಷ ಸೋತೂ ಸೋತೂ ಸುಣ್ಣವಾಗಿತ್ತು. ಅವರ ಮ್ಯಾಚು ನೋಡಿ ತೀರ್ಮಾನ ಮಾಡೋಣ ಅಂತ ನಮ್ಮ ಎಂಟೂ ಕಾಲೇಜಿನ ಪ್ರೆಸಿಡೆಂಟರು ಒಂದು ಶನಿವಾರ ಮಧ್ಯಾಹ್ನ ಬಂದು ಮುಂದಿನ ಸಾಲಿನಲ್ಲಿ ಕೂತರು. ಆಫೀಸಿನವರಿಗೂ ಬನ್ನಿ ಅಂದಿದ್ದರು. ಇವರು ವೆಸ್ಟ್ ವಿಂಡ್ಸರ್ ಕಡೆ ಇಂಟರ್‌ವ್ಯೂಗೆ ಹೋಗಿದ್ದರು. ಹೊರಗೆ ಹಿಮ ಬೀಳುತ್ತಿರುವಾಗ ಅತ್ತೆಯನ್ನು ಒಬ್ಬರನ್ನೇ ಬಿಡುವುದು ಹೇಗೆ? ಇಳಕಲ್ ಸೀರೆಯ ಮೇಲೆ ಜಾಕೆಟ್ ತೊಡಿಸಿ ಕರೆದುಕೊಂಡು ಹೋದೆ. ಎಡವಟ್ಟಾದದ್ದು ಅಲ್ಲೇ.

ಆ ಕಾಲೇಜಿನ ಲಾಂಛನ ಗೂಳಿ. ಒಬ್ಬ ಹುಡುಗ ಕೊಂಬು, ಗೊರಸು, ಬಾಲ ಎಲ್ಲ ಇರುವ ಗೂಳಿಯ ವೇಷ ತೊಟ್ಟು ಜನರ ಮಧ್ಯೆ ಕುಣಿಯುತ್ತಾನೆ. ಅರ್ಧ ಆಟ ಮುಗಿದಿತ್ತು, ಅವರು ಸೋಲುತ್ತಿದ್ದರು. ಅಷ್ಟರಲ್ಲಿ ಗೂಳಿ ಕುಣಿಯುತ್ತಾ ನಮ್ಮ ಸಾಲಿನ ಪಕ್ಕ ಬಂತು. ಅತ್ತೆ ಧಿಗ್ಗನೆ ಎದ್ದು ಕೈ ಅಡ್ಡ ಹಿಡಿದರು.

"ನಿಂದರಪಾ, ನಿಂದರ."

ಗೂಳಿ ನಿಂತಿತು. ಅತ್ತೆ ಪರ್ಸಿನಿಂದ ವಿಭೂತಿ ತೆಗೆದರು.

"ಅತ್ತೆ, ಅತ್ತೆ, ಕೂತ್ಕೊಳ್ಳಿ! ಅದರೊಳಗೆ ಮನುಷ್ಯ ಇದ್ದಾನೆ!"

"ಅಷ್ಟೂ ತಿಳಿಯೂದಿಲ್ಲೇನ ನನಗ? ಗುಡಿಯೊಳಗಿನ ಬಸವಣ್ಣನ ಒಳಗ ಬರೇ ಕಲ್ಲ ಐತಿ ಅಂತ ಕೈ ಮುಗಿಯೂದ ಬಿಟ್ಟೀವೇನು? ಬಗ್ಗಪಾ ನೀ."

ಗೂಳಿಗೆ ಕನ್ನಡ ಬರದಿದ್ದರೂ ಬಗ್ಗಿತು. ಅತ್ತೆ ಹಣೆಗೆ ಮೂರು ಬೆರಳು ವಿಭೂತಿ ಎಳೆದರು, ನಡುವೆ ಕುಂಕುಮ ಇಟ್ಟರು, ನನಗೆ ತಿನ್ನಲಿಕ್ಕೆ ತಂದಿದ್ದ ಬಾಳೆಹಣ್ಣನ್ನು ಬಾಯಿಗೆ ಹಿಡಿದರು. ಗೂಳಿಯ ಬಾಯೊಳಗಿಂದ ಒಂದು ಕೈ ಹೊರಗೆ ಬಂದು ಹಣ್ಣನ್ನು ಒಳಗೆ ಎಳೆದುಕೊಂಡಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು.

ಇದಷ್ಟೂ ಮೇಲಿನ ದೊಡ್ಡ ಪರದೆಯ ಮೇಲೆ ಬರುತ್ತಿದೆ ಅಂತ ನನಗೆ ಗೊತ್ತಾದದ್ದು ಇಡೀ ಸಭೆ ಹೋ ಅಂದಾಗ. ಎಂಟೂ ಪ್ರೆಸಿಡೆಂಟರು ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿದ್ದರು. ಕಮಿಷನರ್ ಎದ್ದು ನಿಂತಿದ್ದ. ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಅನ್ನಿಸಿತು. ಕೆಲಸ ಹೋಯಿತು, ವೀಸಾ ಹೋಯಿತು, ಸೂಟ್‌ಕೇಸು ಇಳಿಸುವುದೊಂದೇ ಬಾಕಿ ಅಂದುಕೊಂಡೆ.

ಆದರೆ ಆಮೇಲೆ ಏನಾಯಿತೋ, ಸೋಲುತ್ತಿದ್ದ ಹುಡುಗರು ಒಂದೇ ಸಮನೆ ಬುಟ್ಟಿಗೆ ಹಾಕತೊಡಗಿದರು. ನಡುವೆ ಆಟ ನಿಂತಾಗಲೆಲ್ಲ ವಿದ್ಯಾರ್ಥಿಗಳು ಅತ್ತೆಯ ಮುಂದೆ ಹಣೆ ಬಗ್ಗಿಸಿ ಸಾಲು ನಿಂತರು. ಅತ್ತೆ "ಒಬ್ಬೊಬ್ರ ಬರ್ರಿ" ಅಂತ ಗದರಿಸುತ್ತಾ ಹಚ್ಚಿದ್ದೇ ಹಚ್ಚಿದ್ದು. ಕೊನೆಗೆ ಸೂಟು ಬೂಟು ಹಾಕಿದ್ದ ಕೋಚೂ ಬಂದು ತಲೆ ಬಗ್ಗಿಸಿದ. ಒಂದೇ ಒಂದು ಪಾಯಿಂಟಿನಲ್ಲಿ ಗೆದ್ದರು ನೋಡಿ! ಇಷ್ಟು ಹುರುಪಿನ ಜನರನ್ನು ತಾವು ನೋಡಿಯೇ ಇಲ್ಲ ಅಂತ ಪ್ರೆಸಿಡೆಂಟರೆಲ್ಲ ಅಲ್ಲೇ ಒಪ್ಪಿದರು. ಗೂಳಿ ಕಾಲೇಜು ಸೇರಿತು. ನಾನು ಕಾರಿನಲ್ಲಿ ಕೂತು ಅತ್ತು ಹಗುರಾದೆ.

ಮುಂದಿನ ವಾರ ಕಮಿಷನರ್ ಸುಣ್ಣದಂಥ ಮುಖ ಹೊತ್ತು ನನ್ನ ಮೇಜಿಗೆ ಬಂದ. ನಮ್ಮ ಎಂಟರಲ್ಲಿ ಎರಡು ಕಾಲೇಜು ಇನ್ನೂ ದೊಡ್ಡ ಕಾನ್ಫರೆನ್ಸಿನವರು ಕರೆದರು ಅಂತ ಹೇಳದೆ ಕೇಳದೆ ಎದ್ದು ಹೋಗಿದ್ದವು! ಒಂಬತ್ತಾಗಬೇಕಿದ್ದದ್ದು ಏಳಾಯಿತು. ಬೆಳೆಯುವುದು ಅಂದರೆ ಇದೇನಾ ಅಂತ ನಾನು ದಂಗಾಗಿ ಕೂತೆ. ಮನೆಯಲ್ಲಿ ಹೇಳಿದರೆ ಅತ್ತೆಗೆ ಸೋಜಿಗವೇ ಆಗಲಿಲ್ಲ. "ಸೊಸಿ ಹೊಸ್ತಲ ದಾಟಿ ಒಳಗ ಬಂದ ವಾರಕ್ಕ ಇಬ್ರು ಗಂಡಮಕ್ಳು ಬ್ಯಾರೆ ಹೋದ್ರು. ನಮ್ಮ ಓಣ್ಯಾಗ ಇದ್ದದ್ದ ಐತಿ" ಅಂದರು.

ಆದರೆ ಏಳಾದರೂ ಪ್ರೋಗ್ರಾಮ್ ಮತ್ತೆ ಬರೆಯಬೇಕಲ್ಲ! ಅದರ ಮೇಲೆ ಹೋದ ಎರಡರ ಬದಲಿಗೆ ಬೇರೆ ಹುಡುಕಬೇಕು, ಅವು ಬಂದಾಗ ಮತ್ತೊಂದು ಸಲ ಬರೆಯಬೇಕು. "ಎರಡು ವರ್ಷ ಇರ್ತೀಯಾ?" ಅಂತ ಕಮಿಷನರ್ ಕೇಳಿದಾಗ ನಾನು ಕಷ್ಟಪಟ್ಟು ಮುಖ ಸಪ್ಪಗೆ ಮಾಡಿಕೊಂಡು ಹೂಂ ಅಂದೆ.

ಇಷ್ಟಕ್ಕೇ ಮುಗಿಯಲಿಲ್ಲ. ಗೂಳಿ ಕಾಲೇಜು ಆವತ್ತಿನಿಂದ ಒಂದೂ ಮ್ಯಾಚು ಸೋತಿರಲಿಲ್ಲ. ಒಂದು ಸಂಜೆ ಕಮಿಷನರ್ ಮನೆಗೇ ಫೋನು ಮಾಡಿದ. ಫೈನಲ್ ಮ್ಯಾಚಿಗೆ ಅತ್ತೆಯವರು ಬರಲೇಬೇಕಂತೆ, ಕೋಚು ಗೋಗರೆಯುತ್ತಿದ್ದಾನಂತೆ, ಕಾರು ಕಳಿಸುತ್ತಾರಂತೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಬರ್ತೀನಿ ಅಂತ ಹೇಳವಾ. ಆದ್ರ ಮೊದಲ ಆ ಬಸವಣ್ಣನ ಮೈ ತೊಳಸ್ರಿ ಅನ್ನು. ವಿಭೂತಿ ಹಚ್ಚಾಕ ಹ್ವಾದ್ರ ಬೆವರಿನ ನಾತಕ್ಕ ಉಸಿರ ಕಟ್ಟತೈತಿ."

ನಾನು ಆದಷ್ಟು ಮರ್ಯಾದೆಯಾಗಿ ಹೇಳಿದೆ. ಆ ಕಡೆ ಕಮಿಷನರ್ ಗಾಬರಿಯಾದ.

"ಅದೊಂದು ಆಗಲ್ಲ ಮ್ಯಾಮ್! ಗೆಲ್ಲುತ್ತಿರುವಾಗ ವೇಷ ತೊಳೆದರೆ ಅದೃಷ್ಟ ಹೋಗುತ್ತಂತೆ. ಹುಡುಗ ಅದನ್ನು ಬೀಗ ಹಾಕಿ ಇಟ್ಟಿದ್ದಾನೆ. ಟೀಮಿನವರು ಕಾಲುಚೀಲ ಕೂಡ ತೊಳೆದಿಲ್ಲ. ಅವರ ಪ್ರೆಸಿಡೆಂಟ್ ಆವತ್ತಿನಿಂದ ಅದೇ ಟೈ ಕಟ್ಟುತ್ತಿದ್ದಾರೆ."

ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅಮೆರಿಕಕ್ಕೆ ಬಂದ ಮೇಲೆ ಅತ್ತೆ ಮೊದಲ ಸಲ ಬೆಚ್ಚಿಬಿದ್ದರು. ಗಲ್ಲದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದರು.

"ಅಯ್ಯ ಶಿವನ! ಕಾಲೇಜಿನ್ಯಾಗ ಕಲಿಸೋ ಮಂದಿ ಅಂದಿದ್ದೆಲ್ಲವಾ ನೀ?"