ಆರ್ಲಿ ತಾಳ್ಲಾ!

ನಮ್ಮ ಸೋದರಮಾವನ ಮನೆಯಲ್ಲಿ ಕೆಮ್ಮಬೇಕಾದರೂ ಅಪ್ಪಣೆ ಬೇಕಾಗಿತ್ತು! ನಗಬೇಡಿ, ಕ್ಯಾತನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ. ಊರೆಲ್ಲ ಕಬ್ಬು ಬೆಳೆದರೆ ಈ ಮಹಾನುಭಾವ ಹಿತ್ತಾಳೆ ತಂತಿ ತುಂಡರಿಸಿ, ಬೆಸುಗೆ ಹಾಕಿ, ಅಂಗೈಯಗಲದ ಗಾಡಿ, ಬಸ್ಸುಗಳ ಹಂದರ ಕಟ್ಟುತ್ತಿದ್ದ. ಮಾರುವುದಕ್ಕಲ್ಲ, ಸುಮ್ಮನೆ! ಬೆಸುಗೆ ಆರುವ ತನಕ ಫ್ಯಾನು ತಿರುಗಕೂಡದು, ಬಾಗಿಲು ಬಡಿಯಕೂಡದು. ಬಿಂಡಿಗನವಿಲೆಯ ಬೀಗರೊಬ್ಬರು ಸೀನಿ ಒಂದು ಗಾಡಿಯ ಚಕ್ರ ಸೊಟ್ಟಗಾಯಿತು. ಬಂದವರಿಗೆಲ್ಲ ಅದನ್ನು ತೋರಿಸಿ, "ಇದು ಬೀಗರ ಸೀನು" ಅನ್ನುತ್ತಿದ್ದ.

ಒಮ್ಮೆ ಮಧ್ಯಾಹ್ನ ಹಸಿದು ಹೋಗಿದ್ದೆ. "ಮಾವ, ಉಣ್ಣಾನ್ವಾ?" ಅಂದೆ.

"ಆರ್ಲಿ ತಾಳ್ಲಾ!"

ಮಧ್ಯಾಹ್ನದ ಊಟಕ್ಕೆ ಆರು ಗಂಟೆಯಾಗಬೇಕೇ? ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತೆ. ಅತ್ತೆ ಬಂದು ನಕ್ಕರು: "ಗಂಟೆ ಅಲ್ಲ ಕಣಪ್ಪ, ಬೆಸುಗೆ ಆರ್ಲಿ ಅಂತ. ತಾಳಿ ಕಟ್ದಾಗ್ಲೂ ಈವಯ್ಯ ಅಂಗೇ ಅಂದಿದ್ದು: ಅಲ್ಲಾಡ್ಬ್ಯಾಡ, ಆರ್ಲಿ!"

ಅರಕೆರೆಯಲ್ಲಿದ್ದ ಮಾವನ ಅಣ್ಣ ಬಸ್ಸಿನ ಡ್ರೈವರು. ಅಣ್ಣನ ಮಗಳ ಮದುವೆಗೆ ಮಾವ ಹಿತ್ತಾಳೆಯ ಬಸ್ಸೊಂದನ್ನು ಉಡುಗೊರೆಯಾಗಿ ಒಯ್ದ. "ಮಕ್ಳಾಟದ ಸಾಮಾನು ತಂದವ್ನೆ ನೋಡ್ರಪ್ಪ!" ಎಂದು ಅಣ್ಣ ನೆಂಟರೆದುರು ನಕ್ಕುಬಿಟ್ಟ. ಮಾವ ಬಸ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು, ಊಟವನ್ನೂ ಮಾಡದೆ ಹಿಂದಿರುಗಿದ.

ಆಮೇಲೆ ಅಣ್ಣತಮ್ಮಂದಿರಿಗೆ ಮಾತಿಲ್ಲ. "ಹೋಗಿ ಮಾತಾಡ್ಸು ಮಾವ" ಅಂದರೆ ಅದೇ ಉತ್ತರ: "ಆರ್ಲಿ ಬುಡ್ಲಾ." ಆದರೆ ಆ ಬಸ್ಸನ್ನು ಮಾತ್ರ ಕೈಬಿಡಲಿಲ್ಲ. ಒಂದು ವರ್ಷ ಸೀಟು ಕೂರಿಸಿದ, ಇನ್ನೊಂದು ವರ್ಷ ಸ್ಟೇರಿಂಗು. "ಇದು ಯಾರಿಗೆ, ಮಾವ?" ಅಂತ ಕೇಳುವ ಧೈರ್ಯ ನಮಗ್ಯಾರಿಗಿತ್ತು?

ಒಂದು ಬೆಳಗ್ಗೆ ಫೋನು ಬಂತು, ಅಣ್ಣನಿಗೆ ಎದೆನೋವು ಅಂತ. ಮಾವ ಬಸ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ, ಜೊತೆಗೆ ನಾನು. ಶ್ರೀರಂಗಪಟ್ಟಣದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಅರಕೆರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣನ ಹೆಂಡತಿ ಮಾವನನ್ನು ಕಂಡು ಗೋಳೋ ಎಂದು ಅತ್ತರು: "ನಿಮ್ಮಣ್ಣ, 'ನಾನು ನಗ್ಬಾರ್ದಾಗಿತ್ತು, ಅವನ ಸಿಟ್ಟು ಆರ್ಲಿ, ಓಗಿ ಮಾತಾಡುಸ್ತೀನಿ' ಅಂತಿದ್ರು ಕಣಪ್ಪಾ!"

ಮಾವ ಅಣ್ಣನ ಕೈ ಮುಟ್ಟಿ ನೋಡಿದ. "ಬಿಸಿ ಇದ್ದಾಗ್ಲೇ ಬೆಸೀಬೇಕಾಗಿತ್ತು" ಅಂದ. ನನಗೆ ಅಂದನೋ, ಅಣ್ಣನಿಗೋ, ತಿಳಿಯಲಿಲ್ಲ. ಬಸ್ಸನ್ನು ಅಲ್ಲೇ ಬಿಟ್ಟು ಬಂದ.

ಈಗ ಮಾವನ ಮನೆಯಲ್ಲಿ ಎಷ್ಟು ಬೇಕಾದರೂ ಕೆಮ್ಮಬಹುದು, ಫ್ಯಾನು ಗಿರ್ರೆಂದು ತಿರುಗುತ್ತಿರುತ್ತದೆ. ಮೊನ್ನೆ ಹೋದಾಗ ತಡೆಯಲಾರದೆ, ಬೇಕೆಂದೇ ಜೋರಾಗಿ ಕೆಮ್ಮಿದೆ. ಒಂದು ಸಲ ಬೈಯಬಾರದೇ ಈ ಮನುಷ್ಯ!

ಮಾವ ಒಳಗಿನಿಂದ ಕೂಗಿದ: "ಬಾರ್ಲಾ ಉಣ್ಣಾನ, ಮುದ್ದೆ ಆರೋಯ್ತದೆ."