ಯಾರು ಹೇಳಿದ್ದು, ಮಾಯಿ?

ಇದೆಲ್ಲ ನಡೆದದ್ದು ಎರಡು ವರ್ಷದ ಹಿಂದೆ, ಆಗ ನನಗೆ ಅರವತ್ತೊಂಬತ್ತು. ಇದನ್ನೂ ನನ್ನ ಅಳಿಯ ಒಪ್ಪುವುದಿಲ್ಲ! "ಪಾಸ್‌ಪೋರ್ಟಿನ ಪ್ರಕಾರ ಅರವತ್ತಾರು ಮಾಯಿ. ಅರವತ್ತೊಂಬತ್ತು ಅಂತ ಯಾರು ಹೇಳಿದ್ದು?" ಎಂದು ಕೇಳಿದ. ನನ್ನ ತಾಯಿ ಹೇಳಿದ್ದು ಎಂದೆ. "ಅವರು ಬರೆದಿಟ್ಟಿದ್ರಾ?" ಹೆರುವವಳು ಹೆರುತ್ತಾಳೋ, ಬರೆಯುತ್ತಾ ಕೂರುತ್ತಾಳೋ?

ಗಲ್ಫಿನ ಈ ಅಲ್ ಖೌದಿನಲ್ಲಿ ನಾನಿರುವುದು ಮಗಳ ಮನೆಯಲ್ಲಿ. ಅಳಿಯ ಶಾಲೆಯ ಮೇಷ್ಟ್ರು. ಕೇಳಿದ್ದನ್ನು ನಂಬುವ ಮೊದಲು ಹೇಗೆ ಪರೀಕ್ಷಿಸಬೇಕೆಂದು ಮಕ್ಕಳಿಗೆ ಕಲಿಸುತ್ತಾನಂತೆ. ಯಾರು ಹೇಳಿದ್ದು? ಕಣ್ಣಾರೆ ಕಂಡರೋ? ಬೇರೆಯವರೂ ಹಾಗೇ ಹೇಳುತ್ತಾರೋ? ಈ ಮೂರು ಪ್ರಶ್ನೆಗೆ ಸಂಬಳ! ಕಲಿಸಲಿ. ಆದರೆ ಮೀನು ಮಾರುವವನ ಹತ್ತಿರ? "ಇವತ್ತಿನ ಮೀನು ಅಂತ ನಿನಗೆ ಯಾರು ಹೇಳಿದ್ದು?" ಎಂದು ಹಿಂದಿಯಲ್ಲಿ ಕೇಳಿದ. ಮೀನಿನವನು "ಖಲಾಸ್" ಎಂದು ಬಂಗುಡೆಯನ್ನು ತಕ್ಕಡಿಯಿಂದ ಬುಟ್ಟಿಗೆ ವಾಪಸ್ ಸುರಿದ. ಆ ದಿನ ಬೇಳೆ ಸಾರು.

ಹಾಗಲಕಾಯಿ ರಸ ಕುಡಿದರೆ ಶುಗರ್ ಮಾತ್ರೆ ಬೇಡವೆಂದು ಮಗಳ ಮೊಬೈಲಿಗೆ ಬಂತು. ಅಳಿಯ ಬಿಡುತ್ತಾನೆಯೇ? ಕಳಿಸಿದವಳಿಗೆ ಫೋನು, ಅವಳಿಗೆ ಕಳಿಸಿದವಳಿಗೆ ಫೋನು. ಐದನೆಯವಳು ನಮ್ಮ ಕೆಳಮನೆಯವಳು. "ನಿಮ್ಮ ಮಾಯಿಯೇ ಹೇಳಿದ್ದಲ್ವಾ ಮಾರಾಯ್ರೆ!" ಎಂದಳು.

"ನಿಮಗೆ ಯಾರು ಹೇಳಿದ್ದು ಮಾಯಿ?"

"ನಾನೇ ಹೇಳಿದ್ದು. ಇನ್ನು ಯಾರು ಬೇಕು ನಿನಗೆ?"

ನಾನು ಮಾತ್ರೆ ನುಂಗುವ ತನಕ ನೀರಿನ ಲೋಟ ಹಿಡಿದು ಎದುರು ನಿಂತ.

ಒಮ್ಮೆ ಶಾಲೆಯ ಮಕ್ಕಳನ್ನೇ ಮನೆಗೆ ಕರೆತಂದ. ಹಿಂದೆ ಗಲ್ಫಿಗೆ ಬಂದವರ ಕತೆಯನ್ನು ಮನೆಯವರ ಬಾಯಿಂದ ಕೇಳಿ, ಕಾಗದಪತ್ರದೊಂದಿಗೆ ತಾಳೆ ನೋಡಬೇಕಂತೆ. ನಾನು ಇದ್ದದ್ದನ್ನು ಹೇಳಿದೆ. ನನ್ನ ಗಂಡ ಇಲ್ಲೇ ಹತ್ತಿರದ ರುಸೈಲಿನ ಕಾರ್ಖಾನೆಯಲ್ಲಿದ್ದ. ಇಗರ್ಜಿಯಲ್ಲಿ ಮಗಳ ಮೊದಲ ಪರಮಪ್ರಸಾದದ ಭಾನುವಾರ ಊರಿನ ಅಂಗಡಿಗೆ ಫೋನು ಮಾಡುತ್ತೇನೆಂದಿದ್ದ. ಎಂಟು ವರ್ಷದ ಹುಡುಗಿ ಬಿಳಿ ಫ್ರಾಕಿನಲ್ಲಿ ಸಂಜೆಯವರೆಗೆ ಅಂಗಡಿಯ ಜಗಲಿಯಲ್ಲಿ ಕುಳಿತಳು. ಬರಲಿಲ್ಲ. ಮಂಗಳವಾರ ಫೋನು ಬಂತು, ಅವನ ರೂಮಿನಲ್ಲಿದ್ದ ನಮ್ಮೂರ ಕಡೆಯ ಬ್ಯಾರಿಯದ್ದು: ಎದೆನೋವು, ತೀರಿಹೋದ. ಇಲ್ಲೇ ಮಣ್ಣು ಮಾಡಿದರು. ಆ ಮಂಗಳವಾರದ ತಾರೀಕಿಗೆ ವರ್ಷವರ್ಷವೂ ಅವನ ಆತ್ಮಕ್ಕೆ ಪೂಜೆ ಹೇಳಿಸಿದೆ. ಆದರೆ ಮಗಳ ದಿನವನ್ನು ಮರೆತದ್ದನ್ನು ಮಾತ್ರ ಕ್ಷಮಿಸಲಿಲ್ಲ. ಈ ದೇಶಕ್ಕೆ ಬಂದು ಆರು ವರ್ಷವಾದರೂ ಅವನ ಸಮಾಧಿಗೆ ಹೋಗಿರಲಿಲ್ಲ.

"ಪೇಪರ್ ಉಂಟಾ ಅಜ್ಜಿ?" ಎಂದಳು ನಮ್ಮ ಊರ ಕಡೆಯ ಒಬ್ಬ ಹುಡುಗಿ. ಅವನ ಮರಣಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಅರಬಿ ಬರಹ. ನಮ್ಮ ಮನೆಯಲ್ಲಿ ಯಾರಿಗೂ ಬಾರದು. ಮೊಹರು ಇದೆಯಲ್ಲ, ಸಾಕೆಂದು ಇಟ್ಟಿದ್ದೆ. ಶಾಲೆಯಲ್ಲಿ ಅರಬಿ ಕಲಿಯುವ ಹುಡುಗಿ ಬೆರಳಿಟ್ಟು ಓದಿದಳು.

"ಅಜ್ಜಿ, ಇದ್ರಲ್ಲಿ ಸಂಡೇ ಅಂತ ಉಂಟು. ಸಂಡೇ ಮಾರ್ನಿಂಗ್."

"ಮಂಗಳವಾರ" ಎಂದೆ.

"ಅದು ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಸುದ್ದಿ ಬಂದ ದಿನವನ್ನೇ ಸತ್ತ ದಿನ ಮಾಡಿಕೊಂಡಿದ್ದೆ. ಅಂಥ ಹೊತ್ತಿನಲ್ಲಿ ಯಾವಾಗ ಎಂದು ಕೇಳುವ ಬುದ್ಧಿ ಯಾರಿಗಿರುತ್ತದೆ?

ಒಂದು ಕಾಗದ ಅಳಿಯನಿಗೆ ಸಾಲದು. ಕೂಡಲೇ ಅಲ್ ಮಬೇಲಾಕ್ಕೆ ಹೋದ. ಆ ಬ್ಯಾರಿ ಈಗ ಅಲ್ಲಿ ಅಂಗಡಿ ಇಟ್ಟಿದ್ದಾರೆ. ಸಂಜೆ ಹಿಂದಿರುಗಿದವನು ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತ. ಕೂರುವ ಜಾತಿಯಲ್ಲ ಅವನು. ಮಗಳು ಬಾಗಿಲಲ್ಲಿ ನಿಂತಳು.

"ಭಾನುವಾರವೇ ಮಾಯಿ. ಇಲ್ಲಿ ಭಾನುವಾರ ಕೆಲಸ ಉಂಟಲ್ಲ, ಫೋನ್ ಮಾಡ್ಲಿಕ್ಕೆ ಅಂತ ರಜೆ ಕೇಳಿದ್ರಂತೆ. ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿ ಹೊರಟದ್ದಂತೆ. ಕ್ಯಾಂಪಿನ ಗೇಟಿನ ಹತ್ರ ಬಿದ್ದದ್ದು."

"ಬ್ಯಾರಿ ಕಣ್ಣಾರೆ ಕಂಡದ್ದಾ?" ಈ ಸಲ ಕೇಳಿದವಳು ನಾನು.

"ಅವರೇ ಎತ್ತಿದ್ದು ಮಾಯಿ."

ಮಗಳು ಅಲ್ಲೇ ಹೊಸ್ತಿಲಲ್ಲಿ ಕುಳಿತಳು. ಅಳಿಯ ನನ್ನ ಕಾಲನ್ನು ಒಮ್ಮೆ ಮುಟ್ಟಿ ಎದ್ದುಹೋದ. ಈ ತಲೆಹರಟೆ ಇಲ್ಲದಿದ್ದರೆ ನಾನು ಆ ಸಿಟ್ಟಿನಲ್ಲೇ ಸಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಿ ಕಾರು ತೆಗೆಸಿದೆ. ಸಮಾಧಿಯ ಮುಂದೆ ನಿಂತು, ಆ ಭಾನುವಾರ ಫೋನಿನಲ್ಲಿ ಹೇಳಬೇಕಿದ್ದದ್ದನ್ನೆಲ್ಲ ಹೇಳಿದೆ: ಕೋಳಿ ಸಾರಿಗೆ ಉಪ್ಪು ಹೆಚ್ಚಾಯಿತು, ನಿನ್ನ ತಂಗಿ ಬರಲಿಲ್ಲ, ಹುಡುಗಿಗೆ ಹೊಸ ಶೂ ಕಚ್ಚುತ್ತಿತ್ತು, ಆದರೂ ಇಗರ್ಜಿಯಲ್ಲಿ ಕುಂಟದೆ ನಡೆದಳು.